ಟ್ರೀವಾ ಕೊಡುವ ಮೂರು ದಿನದ ಚೀಟಿ

ಬೆಳಗಿನ ಐದೂವರೆ. ಕೆಸಿಂಜರ್ ಗನ್ ಅಂಗಡಿಯ ಹಿಂಭಾಗದ ಶೂಟಿಂಗ್ ರೇಂಜಿನಲ್ಲಿ ಟ್ರೀವಾ ಸ್ಟಾಲಿಂಗ್ಸ್ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ನೆಲ ಒರೆಸುತ್ತಿದ್ದಾರೆ. ಇಲ್ಲಿ ಪೊರಕೆ ಆಡಿಸುವಂತಿಲ್ಲ. ಆಡಿಸಿದರೆ ಗುಂಡುಗಳಿಂದ ಉದುರಿದ ಸೀಸದ ಧೂಳು ಎದ್ದು ನೇರ ಎದೆಗಿಳಿಯುತ್ತದೆ. ಎರಡು ಬಕೆಟ್ ನೀರು, ಒದ್ದೆ ಬಟ್ಟೆ, ಗುಂಡು ಹಾರಿಸುವ ಆರು ಸಾಲು. ಕೋಲು ಎಡಗೈಯಲ್ಲಿದೆ. ನಿನ್ನೆ ಹಾರಿದ ಖಾಲಿ ತೋಟಾಗಳನ್ನು ಬೂಟಿನಿಂದ ಮೂಲೆಗೆ ತಳ್ಳುತ್ತಾ, ಎರಡು ನಿಮಿಷಕ್ಕೊಮ್ಮೆ ತಲೆಯೆತ್ತಿ ಮುಂಬಾಗಿಲಿನ ಗಾಜಿನತ್ತ ನೋಡುತ್ತಾರೆ.

ಅಂಗಡಿ ತೆರೆಯುವುದು ಒಂಬತ್ತಕ್ಕೆ. ಆದರೂ ಬಾಗಿಲಾಚೆ ಯಾರಾದರೂ ಇರಬಹುದು ಎಂಬ ಆತಂಕ ಟ್ರೀವಾ ಅವರನ್ನು ಬಿಡುವುದಿಲ್ಲ. ಬೆಳಕು ಹರಿಯುವ ಮುಂಚೆ ಬರುವ ಹೆಂಗಸರು ಹವ್ಯಾಸಕ್ಕೆ ಬಂದವರಲ್ಲ. ಅವರು ಕಾರಿನ ಇಂಜಿನ್ ಆರಿಸುವುದಿಲ್ಲ. ಬಾಗಿಲು ತಟ್ಟುವುದೂ ಇಲ್ಲ. ನೋಡುವವರು ಒಳಗೊಬ್ಬರು ಇಲ್ಲದಿದ್ದರೆ ಹಾಗೇ ಕಾರು ತಿರುಗಿಸಿಕೊಂಡು ಹೋಗಿಬಿಡುತ್ತಾರೆ.

ನವೆಂಬರಿನ ಆ ಸೋಮವಾರ ಆರೂಕಾಲಿಗೆ ಒಂದು ಕಾರು ನಿಂತಿದೆ. ಹೊಗೆ ಉಗುಳುತ್ತಿದೆ. ಟ್ರೀವಾ ಮಾಸ್ಕ್ ಕೆಳಗೆಳೆದು, ಕೈ ತೊಳೆದು, ಬಾಗಿಲು ತೆರೆಯುತ್ತಾರೆ.

"ಕಾಫಿ ಇದೆ ಒಳಗೆ. ಪೆಟ್ರೋಲ್ ಬಂಕಿಂದು. ಚೆನ್ನಾಗಿಲ್ಲ, ಆದ್ರೆ ಬಿಸಿ ಇದೆ. ಬಾರಮ್ಮ."

ಕಾರಿನಿಂದ ಇಳಿದವಳು ಕೆಂಡ್ರಾ ಪ್ರುಯಿಟ್. ಮೂವತ್ನಾಲ್ಕು ವರ್ಷ. ಮನೆಮನೆಗೆ ಹೋಗಿ ಕಾಯಿಲೆಯ ಮುದುಕರಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಎತ್ತಿ ಕೂರಿಸುವ ಕೆಲಸ. ತಿಳಿನೀಲಿ ಸಮವಸ್ತ್ರದ ಮೇಲೆ ದಪ್ಪ ಕೋಟು ಹಾಕಿಕೊಂಡಿದ್ದಾಳೆ. ಗಾಜಿನ ಪೆಟ್ಟಿಗೆಯ ಹತ್ತಿರ ಬಂದವಳೇ ನೇರಳೆ ಹಿಡಿಯ ಅಂಗೈಯಗಲದ ಪಿಸ್ತೂಲಿನ ಮೇಲೆ ಬೆರಳಿಡುತ್ತಾಳೆ. ಎಡಗೈ ಬೆರಳು.

"ಇದು ಸಾಕು ಮಿಸ್ ಟ್ರೀವಾ. ಸಣ್ಣದು. ಕಾಣಲ್ಲ. ಇವತ್ತೇ ಕೊಟ್ಬಿಡಿ, ಏಳು ಗಂಟೆಗೆ ನನ್ ಮೊದಲ್ನೇ ಮನೆ."

"ಯಾವತ್ತು ಬರ್ತಾನೆ ಅವ್ನು?"

ಕೆಂಡ್ರಾ ಬೆರಳು ಹಿಂದಕ್ಕೆ ತೆಗೆಯುತ್ತಾಳೆ. ಅವಳು ಯಾರ ಹೆಸರನ್ನೂ ಹೇಳಿರಲಿಲ್ಲ.

"ಗುರುವಾರ. ಒಂಬತ್ತು ಗಂಟೆಗೆ ಜೈಲಿಂದ ಬಿಡ್ತಾರೆ."

ಅವನು ಶೇನ್. ಬಿಟ್ಟ ಗಂಡ. ಹತ್ತಿರ ಬರಕೂಡದೆಂಬ ಕೋರ್ಟಿನ ಆದೇಶ ಕೆಂಡ್ರಾಳ ಕೈಚೀಲದಲ್ಲಿ ನಾಲ್ಕು ಮಡಿಕೆಯಾಗಿ ಇದೆ. ಅವಳಿಗೆ ಎಂಟು ವರ್ಷದ ಮಗಳು ಟೆಸ್ಸಾ. ಗುರುವಾರಕ್ಕೆ ಇನ್ನು ಮೂರು ದಿನ.

ಟ್ರೀವಾ ಯಾರಿಗೂ ಮೊದಲ ದಿನ ಪಿಸ್ತೂಲು ಮಾರುವುದಿಲ್ಲ. ಅವರ ಕಟ್ಟಳೆಯೂ ಮೂರೇ ದಿನ.

ಟ್ರೀವಾ ಅವರಿಗೆ ಈಗ ಅರವತ್ಮೂರು. ಹುಟ್ಟಿದ್ದು ಇಲ್ಲಿಂದ ಒಂಬತ್ತು ಮೈಲಿಯ ಕಣಿವೆಯಲ್ಲಿ. ಎಡಗೈಯಲ್ಲಿ ಬರೆಯಬಾರದೆಂದು ಶಾಲೆಯಲ್ಲಿ ಟೀಚರಮ್ಮ ಅವರ ಎಡ ತೋಳನ್ನು ಸ್ವೆಟರಿನ ಒಳಗೇ ಪಿನ್ನು ಹಾಕಿ ಕೂರಿಸಿದ್ದುಂಟು. ಅಪ್ಪ ಅಳಿಲು ಬೇಟೆಗೆ ಕರೆದೊಯ್ದಾಗ ಬಂದೂಕನ್ನು ಬಲ ಭುಜಕ್ಕೇ ಇಡಿಸಿದ. "ಹನ್ನೆರಡು ವರ್ಷದವರೆಗೂ ನಂಗೆ ಕಣ್ಣು ಸರಿಯಿಲ್ಲ ಅಂತಾನೇ ಎಲ್ಲರೂ ಅಂದ್ಕೊಂಡಿದ್ರು. ಕಣ್ಣು ಸರಿಯಾಗೇ ಇತ್ತು. ಕೈ ಅವರದ್ದಾಗಿತ್ತು" ಎನ್ನುತ್ತಾರೆ. ಆಮೇಲೆ ಇಪ್ಪತ್ತೆರಡು ವರ್ಷ ಊರಿನ ಷೂ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸಿದರು. ಬಲಗೈಯವರ ಕತ್ತರಿಯಲ್ಲಿ, ಎಡಗೈಯಿಂದ. ಎಡ ಹೆಬ್ಬೆರಳಿನ ಬುಡ ಅಲ್ಲೇ ಸವೆಯಿತು. ಕಾರ್ಖಾನೆ ಮುಚ್ಚಿದ ವರ್ಷ ಡ್ವೈಟ್ ಕೆಸಿಂಜರನ ಅಂಗಡಿಗೆ ನೆಲ ಒರೆಸಲು ಸೇರಿದರು. ಹದಿನಾಲ್ಕು ವರ್ಷವಾಯಿತು. ಈಗ ಕೌಂಟರಿನಲ್ಲೂ ನಿಲ್ಲುತ್ತಾರೆ, ನೆಲವನ್ನೂ ಒರೆಸುತ್ತಾರೆ. ಮದುವೆಯ ಬಗ್ಗೆ ಕೇಳಿದರೆ, "ಎರಡಾಯ್ತು. ಒಂದು ಸತ್ತೋಯ್ತು, ಒಂದು ಓಡೋಯ್ತು" ಎಂದು ಮಾತು ಮುಗಿಸುತ್ತಾರೆ.

ಕೌಂಟರಿನ ಕಟ್ಟಕಡೆಯ ನಾಲ್ಕಡಿ ಅವರದ್ದು. ಬೇಟೆಗಾರರು ಅದನ್ನು "ಎಡಚಿಯರ ಮೂಲೆ" ಎಂದು ಕರೆಯುತ್ತಾರೆ. ಅದರ ಕೆಳಗಿನ ಡ್ರಾಯರಿನಲ್ಲಿ ಎಡಗೈಯವರಿಗೆಂದು ಮಾಡಿದ ಪಿಸ್ತೂಲಿನ ಒರೆಗಳಿವೆ. ಅರ್ಧದಷ್ಟು ಅಂಗಡಿಯ ಮಾಲಲ್ಲ. ಟ್ರೀವಾ ಮನೆಯಲ್ಲಿ, ಬ್ರೆಡ್ ಬಿಸಿ ಮಾಡುವ ಸಣ್ಣ ಓವನ್ನಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಹಾಳೆ ಕಾಸಿ, ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಮಾಡಿದವು. ಬಲಗೈಯ ಒರೆ ಬೇಕಾದವರಿಗೆ ಗೋಡೆ ತುಂಬಾ ಇದೆ. ಎಡಗೈಯದ್ದು ಬೇಕೆಂದರೆ ಕಂಪನಿಯವರು ಆರು ವಾರ ಎನ್ನುತ್ತಾರೆ. ಆರು ವಾರ ಕಾಯಲು ಸಮಯವಿರುವವರು ಬೆಳಗಿನ ಆರೂಕಾಲಿಗೆ ಬರುವುದಿಲ್ಲ.

ಕಳೆದ ವರ್ಷ ಟ್ರೀವಾ ಇನ್ನೂರ ಹನ್ನೆರಡು ಹೆಂಗಸರ ಕೈಯಳತೆ ನೋಡಿದ್ದಾರೆ. ಅದರಲ್ಲಿ ಎಡಗೈಯವರು ಇಪ್ಪತ್ತೇಳು. ಹತ್ತೊಂಬತ್ತು ಜನರಿಗೆ ಏನೂ ಮಾರದೆ, ಬಾಗಿಲಿಗೆ ಒಳ್ಳೆ ಬೀಗ ಹಾಕಿಸಿಕೋ, ಅಕ್ಕನ ಮನೆಗೆ ಹೋಗು, ಮೊದಲು ಕುಡಿಯುವುದನ್ನು ಬಿಡು ಎಂದೆಲ್ಲ ಹೇಳಿ ಕಳಿಸಿದ್ದಾರೆ. ಇದರಿಂದ ಡ್ವೈಟನಿಗೆ ಸಂತೋಷವೇನೂ ಆಗಿಲ್ಲ.

"ಕೈ ಕೊಡು" ಎಂದು ಟ್ರೀವಾ ಕೆಂಡ್ರಾಳ ಎಡಗೈ ಹಿಡಿದು ನೋಡುತ್ತಾರೆ. ಅಂಗೈ ಅಗಲ. ಬೆರಳು ಮೋಟು. ಮಣಿಕಟ್ಟಿನಲ್ಲಿ ಬಲವಿದೆ, ಹೆಬ್ಬೆರಳಿನಲ್ಲಿ ಇಲ್ಲ. ಮುದುಕರನ್ನು ಎತ್ತುವವರ ಕೈ ಹೀಗೇ ಇರುತ್ತದೆ. ನೇರಳೆ ಹಿಡಿಯದ್ದನ್ನೇ ಮೊದಲು ಕೊಡುತ್ತಾರೆ. ಖಾಲಿಯಿದೆ ಎಂದು ತಾವೂ ನೋಡಿ, ಅವಳಿಂದಲೂ ನೋಡಿಸಿ, ಮೇಲಿನ ಸ್ಲೈಡನ್ನು ಹತ್ತು ಸಲ ಹಿಂದಕ್ಕೆಳೆಯಲು ಹೇಳುತ್ತಾರೆ. ನಾಲ್ಕನೆಯ ಸಲಕ್ಕೆ ಕೆಂಡ್ರಾಳ ಕೈ ಜಾರುತ್ತದೆ.

"ಸಣ್ಣದಿದ್ರೆ ಸುಲಭ ಅಂದ್ಕೊಂಡೆ."

"ಎಲ್ಲರೂ ಹಂಗೇ ಅಂದ್ಕೊಳ್ಳೋದು. ಸಣ್ಣದರ ಸ್ಪ್ರಿಂಗು ಗಟ್ಟಿ. ಹಗುರ ಇದ್ದಷ್ಟೂ ಒದೆ ಜಾಸ್ತಿ. ಸಣ್ಣ ಕತ್ತೆ ಒದ್ದ ಹಾಗೆ. ಒಂದ್ಸಲ ಹಾರಿಸ್ತೀಯ, ಅಂಗೈ ಉರಿಯುತ್ತೆ, ಎರಡನೇ ಸಲ ಮುಟ್ಟಲ್ಲ. ಈಗ ನೋಡು, ಲಾಕ್ ತೆಗಿ ಇದರದ್ದು."

ಲಾಕಿನ ಗುಂಡಿ ಪಿಸ್ತೂಲಿನ ಎಡ ಮಗ್ಗುಲಲ್ಲಿದೆ, ಬಲಗೈಯವರ ಹೆಬ್ಬೆರಳಿಗೆ ಸಿಗುವಂತೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳು ಬಲ ಮಗ್ಗುಲಲ್ಲೇ ಉಳಿಯುತ್ತದೆ. ಕೆಂಡ್ರಾ ಪಿಸ್ತೂಲನ್ನು ಕೈಯೊಳಗೇ ತಿರುಗಿಸುತ್ತಾಳೆ, ಬಲಗೈ ತರುತ್ತಾಳೆ, ಮತ್ತೆ ತಿರುಗಿಸುತ್ತಾಳೆ. ಅಷ್ಟರಲ್ಲಿ ಟ್ರೀವಾ ಕೌಂಟರ್ ಸುತ್ತಿಕೊಂಡು ಬಂದು ಅವಳ ಪಕ್ಕದಲ್ಲೇ ನಿಂತಿದ್ದಾರೆ.

"ನಾನು ನಡ್ಕೊಂಡು ಬಂದೆ. ಅವನು ಓಡ್ಕೊಂಡು ಬರ್ತಾನೆ."

ಕೆಂಡ್ರಾ ಪಿಸ್ತೂಲನ್ನು ಬಟ್ಟೆಯ ಮೇಲೆ ಇಟ್ಟುಬಿಡುತ್ತಾಳೆ.

ಎರಡನೆಯದು ಸ್ವಲ್ಪ ದೊಡ್ಡದು. ಲಾಕು ಎರಡೂ ಕಡೆ ಇದೆ. ತೋಟಾ ತುಂಬಿದ ಮ್ಯಾಗಝಿನನ್ನು ಬೀಳಿಸುವ ಗುಂಡಿಯನ್ನು ಬಿಚ್ಚಿ ಬಲ ಮಗ್ಗುಲಿಗೆ ಹಾಕಿಕೊಳ್ಳಬಹುದು. ಸ್ಪ್ರಿಂಗು ಮೆದು. ಕೆಂಡ್ರಾ ಹತ್ತಕ್ಕೆ ಹತ್ತು ಸಲ ಎಳೆಯುತ್ತಾಳೆ. ಎಳೆದು ಮುಗಿಸಿ, ಯಾರೋ ಕೊನೆಗೂ ತನ್ನ ಕಡೆ ಮಾತಾಡಿದರೆಂಬಂತೆ ಅದನ್ನೇ ನೋಡುತ್ತಾಳೆ.

"ಇದು ಕೊಡಿ. ಕಾರ್ಡಿದೆ."

"ಗುರುವಾರ ಕೊಡ್ತೀನಿ."

ಟ್ರೀವಾ ಡ್ರಾಯರಿನಿಂದ ಅದೇ ಆಕಾರದ ನೀಲಿ ಪ್ಲಾಸ್ಟಿಕ್ ಪಿಸ್ತೂಲು ತೆಗೆಯುತ್ತಾರೆ. ಒಳಗೆ ಸೀಸ ತುಂಬಿ ನಿಜದ್ದರ ತೂಕಕ್ಕೆ ತಂದಿದ್ದಾರೆ. ಜೊತೆಗೆ ಸೊಂಟದ ಎಡಕ್ಕೆ ಸಿಕ್ಕಿಸುವ ಒರೆ. ಜೊತೆಗೆ, ದಾರ ಕಟ್ಟಿದ ಒಂದು ಚೀಟಿ.

"ಮೂರು ದಿನ ಇದನ್ನ ಹಾಕ್ಕೊಂಡಿರು. ಅಡುಗೆ ಮಾಡ್ವಾಗ, ಗಾಡಿ ಓಡಿಸ್ವಾಗ, ಪಾಯಿಖಾನೆಗೆ ಹೋದಾಗ. ಎಲ್ಲೆಲ್ಲಿ ಬಿಚ್ಚಿಟ್ಟೆ, ಯಾಕೆ ಬಿಚ್ಚಿಟ್ಟೆ, ಚೀಟೀಲಿ ಬರಿ. ನೀನು ಪ್ಲಾಸ್ಟಿಕ್ ಬಿಚ್ಚಿಟ್ಟ ಜಾಗದಲ್ಲೇ ನಾಳೆ ನಿಜದ್ದೂ ಬಿದ್ದಿರುತ್ತೆ. ಮತ್ತೆ ಇನ್ನೊಂದು. ಯಾರ ಎದುರಿಗೂ ಇದನ್ನ ಹೊರಗೆ ತೆಗೀಬೇಡ. ಯಾರ ಎದುರಿಗೂ. ಕೇಳಿಸ್ತಾ?"

"ಅವನು ಬುಧವಾರವೇ ಬಂದ್ರೆ?"

ಟ್ರೀವಾ ಚೀಟಿಯ ದಾರವನ್ನು ಒರೆಗೆ ಕಟ್ಟುತ್ತಾರೆ. "ಗಾಡಿ ಹತ್ತಿ ಹೊರಟೋಗು" ಎನ್ನುತ್ತಾರೆ.

ಈ ಕಟ್ಟಳೆ ಹುಟ್ಟಿದ್ದು ಆರು ವರ್ಷದ ಹಿಂದೆ, ಇಂಥದೇ ಜಿಂಕೆ ಬೇಟೆಯ ವಾರದಲ್ಲಿ. ಬೇಟೆಯ ಕಾಲ ಶುರುವಾಗುವ ಮುನ್ನಿನ ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆಯ ಬಸ್ಸು ಓಡಿಸುವ ಮಾರ್ಲಾ ಎಂಬ ಎಡಗೈ ಹೆಂಗಸು ಗಂಡನ ಜೊತೆ ಬಂದಿದ್ದಳು. ಪಿಸ್ತೂಲು ಆರಿಸಿದ್ದು ಗಂಡ. ಅಂಗೈಯಗಲದ್ದು. ಒರೆ ಆರಿಸಿದ್ದೂ ಗಂಡನೇ, ತನ್ನ ಸೊಂಟಕ್ಕೆ ಹಿಡಿದು ನೋಡಿ. ಬಲಗೈಯದ್ದು. ತಪ್ಪು ಟ್ರೀವಾ ಕಣ್ಣಿಗೆ ಬಿದ್ದಿತ್ತು. ಮಾರ್ಲಾಳ ಗಡಿಯಾರ ಎಡಗೈಯವರಂತೆ ಬಲ ಮಣಿಕಟ್ಟಿನಲ್ಲಿತ್ತು. ಆದರೆ ಹಿಂದೆ ಹನ್ನೊಂದು ಜನ ಸಾಲಿನಲ್ಲಿದ್ದರು. ಟ್ರೀವಾ ಬಾಯಿ ಮುಚ್ಚಿಕೊಂಡು ರಸೀದಿ ಹರಿದು ಕೊಟ್ಟರು.

ಬಲಗೈಯ ಒರೆಯನ್ನು ಎಡಕ್ಕೆ ಹಾಕಿದರೆ ಹಿಡಿ ಹಿಂದುಮುಂದಾಗುತ್ತದೆ, ಕೂತಲ್ಲಿ ಪಕ್ಕೆಗೆ ಚುಚ್ಚುತ್ತದೆ. ಮಾರ್ಲಾ ಕೂರುವಾಗೆಲ್ಲ ಬಿಚ್ಚಿಡಲು ಶುರು ಮಾಡಿದಳು. ಒಂದು ಭಾನುವಾರ ಚರ್ಚಿನ ಊಟದ ಸಭಾಂಗಣದಲ್ಲಿ, ಹೆಂಗಸರ ಪಾಯಿಖಾನೆಯ ಕಾಗದದ ಸುರುಳಿಯ ಪೆಟ್ಟಿಗೆಯ ಮೇಲಿಟ್ಟವಳು ಮರೆತು ಬಂದಳು. ಬೀನ್ಸಿನ ಪಾತ್ರೆ ಕೈಯಿಂದ ಕೈಗೆ ಹೋಗುತ್ತಿದ್ದಾಗ ಒಂಬತ್ತು ವರ್ಷದ ಹುಡುಗಿಯೊಬ್ಬಳು ಅದರ ನಳಿಗೆ ಹಿಡಿದುಕೊಂಡು ಬಂದು, "ಇದು ಯಾರದ್ದು?" ಎಂದು ಕೇಳಿದಳು. ನಳಿಗೆ ಅವಳ ಹೊಟ್ಟೆಯತ್ತ ತಿರುಗಿತ್ತು. ಸಭಾಂಗಣದಲ್ಲಿ ಅರವತ್ತು ಜನರಿದ್ದರು. ಪಾದ್ರಿಯ ಹೆಂಡತಿ ಎದ್ದು, ನಗುನಗುತ್ತಾ ಹೋಗಿ, ಈಸಿಕೊಂಡಳು. ಏನೂ ಆಗಲಿಲ್ಲ.

ಟ್ರೀವಾ ಅಂದು ಅಲ್ಲೇ ಮೂರನೆಯ ಮೇಜಿನಲ್ಲಿದ್ದರು. ಪಿಸ್ತೂಲಿನ ಗುರುತು ಹಿಡಿದಿದ್ದರು. "ಏನೂ ಆಗ್ಲಿಲ್ಲ ಅಂತಾರೆ ಎಲ್ಲರೂ. ನಂಗೆ ಆಯ್ತು" ಎನ್ನುತ್ತಾರೆ. ಮುಂದಿನ ವಾರವೇ ನೀಲಿ ಪ್ಲಾಸ್ಟಿಕ್ ಪಿಸ್ತೂಲುಗಳನ್ನು ಸ್ವಂತ ದುಡ್ಡಿನಲ್ಲಿ ತರಿಸಿಕೊಂಡರು.

ಒಂಬತ್ತಕ್ಕೆ ಅಂಗಡಿ ತುಂಬುತ್ತದೆ. ಕಿತ್ತಳೆ ಟೋಪಿಯ ಗಂಡಸರು ರೈಫಲ್ಲಿನ ಗುಂಡುಗಳಿಗೆ, ಗಂಡು ಜಿಂಕೆಯನ್ನು ವಾಸನೆಯಿಂದ ಸೆಳೆಯುವ ಜಿಂಕೆ ಉಚ್ಚೆಯ ಬಾಟಲಿಗೆ, ಲೈಸೆನ್ಸಿಗೆ ಮುಗಿಬೀಳುತ್ತಾರೆ. ಡ್ವೈಟ್ ಕೆಸಿಂಜರ್ ಎರಡು ಫೋನ್ ಒಟ್ಟಿಗೆ ಹಿಡಿದಿದ್ದಾನೆ. ಬೆಳಗಿನ ವಿಷಯ ಅವನ ಕಿವಿಗೆ ಬಿದ್ದಿದೆ.

"ಗಿರಾಕಿ ಕಾರ್ಡ್ ಹಿಡ್ಕೊಂಡು ನಿಂತಿದ್ರೂ ಹೋಮ್‌ವರ್ಕ್ ಕೊಟ್ ಕಳ್ಸಿದ್ಯಂತೆ?"

"ನಿಂಗೂ ಸ್ಕೂಲಲ್ಲಿ ಕೊಡ್ತಿದ್ರು. ನೀನು ಮಾಡ್ಲಿಲ್ಲ. ಅದಕ್ಕೇ ಅಂಗಡಿ ಇಟ್ಟಿದೀಯ."

ಗಂಡಸರು ನಗುತ್ತಾರೆ. ಒಬ್ಬ, "ಟ್ರೀವಾ, ನನ್ ಹೆಂಡ್ತಿಗೂ ಒಂದು ಪಿಂಕ್ ಕಲರ್‌ದು ಪ್ಯಾಕ್ ಮಾಡು, ಕ್ರಿಸ್‌ಮಸ್‌ಗೆ" ಎನ್ನುತ್ತಾನೆ.

"ಅವಳನ್ನೇ ಕಳ್ಸು. ನಿನ್ ಅಳತೆ ನೋಡಿ ಅವಳಿಗೆ ಬ್ರಾ ತರ್ತೀಯಾ?"

"ತಂದಿದ್ದೆ. ಮುಖಕ್ಕೆ ಎಸೆದ್ಲು."

"ಇದನ್ನ ಎಸೆಯಲ್ಲ ಕಣೋ. ಗುರಿ ಇಡ್ತಾಳೆ."

ಟ್ರೀವಾ ನಗಿಸುತ್ತಾರೆ, ತಾವು ನಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಕ್ಯಾಲೆಂಡರನ್ನು ನಾಲ್ಕು ಸಲ ನೋಡಿಯಾಗಿದೆ. ಮಂಗಳವಾರ ಸಂಜೆ ಮನೆಯಲ್ಲಿ ಓವನ್ ಹಚ್ಚಿ ಕೆಂಡ್ರಾ ಮೆಚ್ಚಿದ ಪಿಸ್ತೂಲಿಗೆ ಎಡಗೈ ಒರೆಯ ಚಿಪ್ಪು ಮಾಡುತ್ತಾರೆ. ಮೊದಲನೆಯದು ಸುಟ್ಟು ಸುರುಟಿಕೊಳ್ಳುತ್ತದೆ. ತಪ್ಪು ತಮ್ಮದೆಂದು ಒಪ್ಪಿಕೊಳ್ಳುವುದಿಲ್ಲ. "ಹಾಳೆ ತೆಳು ಇತ್ತು" ಎನ್ನುತ್ತಾರೆ. ಎರಡನೆಯದು ಸರಿಬರುತ್ತದೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಡ್ವೈಟ್ ಡೈನರ್ ಹೋಟೆಲಿನಿಂದ ಬಿಸ್ಕತ್ತು ಗ್ರೇವಿಯ, ಅಂದರೆ ಮೆತ್ತನೆ ಬನ್ನಿಗೆ ದಪ್ಪ ಬಿಳಿ ಸಾರು ಸುರಿದ ತಿಂಡಿಯ, ಪೊಟ್ಟಣ ಹಿಡಿದು ಬರುತ್ತಾನೆ. ಅವನ ಸೋದರಸಂಬಂಧಿ ಕೌಂಟಿ ಜೈಲಿನ ಅಡುಗೆಮನೆಯಲ್ಲಿದ್ದಾನೆ. ಪೊಟ್ಟಣ ಕೌಂಟರಿನ ಮೇಲಿಟ್ಟು, ಗಿರಾಕಿಗಳಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾನೆ.

"ಜೈಲು ತುಂಬೋಗಿದೆಯಂತೆ. ಗುರುವಾರದವರನ್ನ ಇವತ್ತೇ ಬಿಟ್ರಂತೆ. ಏಳು ಗಂಟೆಗೆ."

ಟ್ರೀವಾ ಕೆಂಡ್ರಾಳ ನಂಬರಿಗೆ ಫೋನ್ ಮಾಡುತ್ತಾರೆ. ಎತ್ತುವುದಿಲ್ಲ. ಮುದುಕರಿಗೆ ಸ್ನಾನ ಮಾಡಿಸುವಾಗ ಫೋನನ್ನು ಕಾರಿನಲ್ಲೇ ಬಿಡುತ್ತಾಳೆಂದು ಅವಳೇ ಹೇಳಿದ್ದಳು. ಹತ್ತು ನಿಮಿಷ ಬಿಟ್ಟು ಮತ್ತೆ. ಮತ್ತೆ. ಅವಳನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಗೆ ಫೋನ್ ಮಾಡಿದರೆ, ಕೆಲಸದವರು ಯಾವ ಮನೆಯಲ್ಲಿದ್ದಾರೆಂದು ಹೇಳುವಂತಿಲ್ಲ, ಸಂದೇಶ ಕೊಡುತ್ತೇವೆ ಎನ್ನುತ್ತದೆ ಒಂದು ಎಳೆ ದನಿ. ಪೊಲೀಸರ, ಅಂದರೆ ಶೆರಿಫ್ ಕಚೇರಿಯವರು ವಿಷಯ ತಮಗೆ ತಿಳಿದಿದೆ ಎನ್ನುತ್ತಾರೆ. ಟ್ರೀವಾ ಜಿಂಕೆ ಲೈಸೆನ್ಸುಗಳನ್ನು ಬರೆಯುತ್ತಾರೆ. ಎರಡು ಕಡೆ ತಾರೀಕು ತಪ್ಪುತ್ತದೆ.

ಕೆಂಡ್ರಾಳ ಸೊಂಟದಲ್ಲಿ ಇರುವುದು ಪ್ಲಾಸ್ಟಿಕ್ಕು. ಕೊಟ್ಟವರು ತಾವೇ. ಸೋಮವಾರವೇ ನಿಜದ್ದನ್ನು ಕೊಡಬಹುದಿತ್ತು, ಕಾನೂನು ತಡೆಯುತ್ತಿರಲಿಲ್ಲ. ಆಟಿಕೆಯನ್ನು ಅವನೆದುರು ಹೊರಗೆ ತೆಗೆದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತದೆ. ಡ್ವೈಟ್ ಪೊಟ್ಟಣವನ್ನು ಟ್ರೀವಾ ಅವರತ್ತ ಸರಿಸುತ್ತಾನೆ, ಅಷ್ಟರಮಟ್ಟಿಗೆ ಒಳ್ಳೆಯವನು. ಗ್ರೇವಿ ಆರಿ ಕೆನೆಗಟ್ಟುತ್ತದೆ.

ಹನ್ನೆರಡು ನಲವತ್ತಕ್ಕೆ ಫೋನ್ ಬರುತ್ತದೆ.

"ಮಿಸ್ ಟ್ರೀವಾ, ಗೊತ್ತಾಯ್ತು ನಂಗೆ. ಅವನ ಅಣ್ಣನ ಟ್ರಕ್ ನೋಡ್ದೆ, ಬಂಕಲ್ಲಿ. ಪಕ್ಕದ ಸೀಟಲ್ಲಿ ಅವನಿದ್ದ."

"ನೀನೆಲ್ಲಿದೀಯ?"

"ಶೆರಿಫ್ ಆಫೀಸಿನ ಎದ್ರಿಗೆ, ಗಾಡಿ ಒಳಗೇ ಕೂತಿದೀನಿ. ನಾನು ಪೆಟ್ರೋಲ್ ಹಾಕಿಸ್ಲೇ ಇಲ್ಲ, ಹಂಗೇ ಓಡಿಸ್ಕೊಂಡು ಬಂದೆ. ಟೆಸ್ಸಾನ ಸ್ಕೂಲಿಂದ ನನ್ನಕ್ಕ ಕರ್ಕೊಂಡೋದ್ಲು." ಉಸಿರು ತೆಗೆದುಕೊಳ್ಳುತ್ತಾಳೆ. "ಕೈ ತಾನಾಗೇ ಸೊಂಟಕ್ಕೆ ಹೋಯ್ತು ಮಿಸ್ ಟ್ರೀವಾ. ಎಡಕ್ಕೆ. ಅದು ಪ್ಲಾಸ್ಟಿಕ್ ಅನ್ನೋದೇ ಮರ್ತೋಗಿತ್ತು ನಂಗೆ. ಹೋದ್ರೆ ಅಲ್ಲಿ ಏನೂ ಇಲ್ಲ. ಸೀಟ್‌ಬೆಲ್ಟ್ ಒತ್ತುತ್ತೆ ಅಂತ ಬಿಚ್ಚಿ ಡ್ಯಾಶ್‌ಬೋರ್ಡ್ ಡಬ್ಬೀಲಿ ಹಾಕಿದ್ದೆ."

ಟ್ರೀವಾ ಸ್ಟೂಲಿನ ಮೇಲೆ ಕೂರುತ್ತಾರೆ. ದಿನದಲ್ಲಿ ಮೊದಲ ಸಲ.

"ಚೀಟೀಲಿ ಬರ್ದಿದೀಯಾ?"

"ಏನು?"

"ಡಬ್ಬೀಲಿ ಹಾಕಿದ್ದು. ಬರ್ದಿದೀಯಾ?"

"ಬರ್ದಿದೀನಿ."

"ಚೀಟಿ ತಗೊಂಡು ಇಲ್ಲಿಗೆ ಬಾ. ದೊಡ್ಡ ರಸ್ತೇಲೇ ಬಾ."

ಚೀಟಿಯಲ್ಲಿ ಹನ್ನೊಂದು ಸಾಲುಗಳಿವೆ, ಎಡಕ್ಕೆ ವಾಲಿದ ಅಕ್ಷರ. ಆರು ಸಾಲು ಒಂದೇ ರೀತಿ: ರೋಗಿಯ ಮನೆಯೊಳಗೆ ಆಯುಧ ಒಯ್ಯಬಾರದೆಂದು ಏಜೆನ್ಸಿಯ ನಿಯಮ, ಕಾರಿನಲ್ಲಿ ಬಿಚ್ಚಿಟ್ಟೆ. ಒಂದು ಸಾಲು: ಪ್ಯಾಂಟಿಗೆ ಬೆಲ್ಟಿಲ್ಲ, ಲಾಡಿ ಮಾತ್ರ, ಭಾರಕ್ಕೆ ಜಾರಿತು. ಎರಡು ಸಾಲು ಸೀಟ್‌ಬೆಲ್ಟಿನದ್ದು. ಒಂದು ಪಾಯಿಖಾನೆ. ಕೊನೆಯದನ್ನು ಟ್ರೀವಾ ಎರಡು ಸಲ ಓದುತ್ತಾರೆ. "ಟೆಸ್ಸಾ ಎಡಕ್ಕೆ ಒರಗಿ ಟಿವಿ ನೋಡ್ತಾಳೆ. ಗಟ್ಟಿಯಾಗಿದೆ ಅಂದ್ಲು. ಫ್ರಿಜ್ ಮೇಲೆ ಇಟ್ಟೆ."

"ಕುರ್ಚಿ ಎಳ್ಕೊಂಡ್ರೆ ಫ್ರಿಜ್ ಮೇಲೆ ಎಟುಕುತ್ತಾ ಅವಳಿಗೆ?"

"ಬಿಸ್ಕತ್ ಡಬ್ಬಿ ಅಲ್ಲೇ ಇರೋದು" ಎನ್ನುತ್ತಾಳೆ.

"ಸೋಮವಾರ ನಿಂಗೆ ಕೊಟ್ಟಿದ್ರೆ ಅದರ ಪಕ್ಕ ಪಿಸ್ತೂಲಿರ್ತಿತ್ತು."

ಟ್ರೀವಾ ಸೊಂಟದ ಒರೆಯನ್ನು ಡ್ರಾಯರಿಗೆ ವಾಪಸ್ ಹಾಕುತ್ತಾರೆ. ಮಂಗಳವಾರ ಮಾಡಿದ ಚಿಪ್ಪನ್ನು ಬೇರೆಯದೇ ಅಗಲವಾದ ಪಟ್ಟಿಗೆ ತಿರುಪು ಹಾಕಿ ಬಿಗಿಯುತ್ತಾರೆ. ಈ ಪಟ್ಟಿಗೆ ಪ್ಯಾಂಟಿನ ಹಂಗಿಲ್ಲ. ಅಂಗಿಯ ಒಳಗೆ ಮೈಗೇ ಕಟ್ಟಿಕೊಳ್ಳುವುದು. ಪಿಸ್ತೂಲು ಹೊಕ್ಕುಳಿನಿಂದ ನಾಲ್ಕು ಬೆರಳು ಎಡಕ್ಕೆ, ಮುಂದುಗಡೆ ಕೂರುತ್ತದೆ. ಮಗಳು ಒರಗುವ ಪಕ್ಕೆ ಖಾಲಿ ಉಳಿಯುತ್ತದೆ. ಬಿಚ್ಚುವಾಗ ಪಟ್ಟಿ, ಒರೆ, ಪಿಸ್ತೂಲು ಮೂರೂ ಒಟ್ಟಿಗೆ ಬರುತ್ತವೆ, ಟ್ರಿಗರಿನ ಮೇಲೆ ಗಟ್ಟಿ ಚಿಪ್ಪು ಮುಚ್ಚಿದ ಹಾಗೇ. ರೋಗಿಯ ಮನೆಯೊಳಗೆ ಹೋಗುವ ಮುನ್ನ ಬಿಚ್ಚಿಡಲು ಕಾರಿನ ಸೀಟಿನಡಿಗೆ ಉಕ್ಕಿನ ತಂತಿಯಿಂದ ಕಟ್ಟುವ ಬೀಗದ ಪೆಟ್ಟಿಗೆ ಒಂದು, ಮನೆಗೊಂದು. ನೀಲಿ ಪ್ಲಾಸ್ಟಿಕ್ಕನ್ನೇ ಪಟ್ಟಿಯಲ್ಲಿಟ್ಟು ಕೆಂಡ್ರಾಳಿಗೆ ಕಟ್ಟಿ, ಕೂರಿಸುತ್ತಾರೆ, ಬಗ್ಗಿಸುತ್ತಾರೆ, ಅವಳದೇ ಕಾರಿನಲ್ಲಿ ಬೆಲ್ಟ್ ಹಾಕಿಸುತ್ತಾರೆ. ಪಟ್ಟಿಯನ್ನು ಎರಡು ಬೆರಳು ಮೇಲಕ್ಕೇರಿಸುತ್ತಾರೆ. ಮತ್ತೆ ಕೂರಿಸುತ್ತಾರೆ. ಕೊನೆಗೆ ತಾವೇ ರೇಂಜಿನ ಆರನೇ ಸಾಲಿನ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ.

"ನನ್ನ ಎತ್ತು. ನಿನ್ ಮುದುಕಪ್ಪನ್ನ ಎತ್ತೋ ಹಾಗೆ."

ಕೆಂಡ್ರಾ ಕಂಕುಳಿಗೆ ಕೈ ಹಾಕಿ ಎತ್ತುತ್ತಾಳೆ. ಟ್ರೀವಾ ತಮ್ಮ ಪೂರ್ತಿ ಭಾರ ಅವಳ ಎಡಕ್ಕೆ ಹಾಕುತ್ತಾರೆ.

"ಚುಚ್ತಾ?"

"ಇಲ್ಲ. ನೀವು ಭಾರ ಇದೀರಿ."

"ದಿನಾ ಗ್ರೇವಿ ತಿಂದಿದ್ದು. ಒಳ್ಳೇದು, ಹೋಗೋಣ."

ಗುರುವಾರಕ್ಕೆ ಕಾಯದೆ ಅರ್ಜಿ ತುಂಬಿ, ಹಿನ್ನೆಲೆ ತಪಾಸಣೆಗೆ ಫೋನ್ ಮಾಡಿದ ಡ್ವೈಟ್ ಹನ್ನೊಂದು ನಿಮಿಷ ಕಾಯುತ್ತಾನೆ. ಆ ಕಡೆ ಸಂಗೀತ ಬರುತ್ತಿದೆ. ಕೆಂಡ್ರಾಳ ಕಣ್ಣು ಕಿಟಕಿಯಾಚೆ, ವಾಹನ ನಿಲ್ಲುವ ಜಾಗದ ಮೇಲೆ. ಪ್ರತಿ ಟ್ರಕ್ಕಿನ ಬಣ್ಣ ನೋಡುತ್ತಾಳೆ. ಮೊದಲ ಸಲ ಡ್ವೈಟನೂ ಅದನ್ನೇ ಮಾಡುತ್ತಿದ್ದಾನೆ. "ಆಯ್ತು, ಕೊಡ್ಬಹುದು" ಎಂದು ಅವನು ಹೇಳಿದಾಗ ಯಾರೂ ಸಂಭ್ರಮಿಸುವುದಿಲ್ಲ.

ಕೆಂಡ್ರಾ ಐವತ್ತು ಗುಂಡು ಹಾರಿಸುವವರೆಗೆ ಟ್ರೀವಾ ಬಿಡುವುದಿಲ್ಲ. ಪಿಸ್ತೂಲುಗಳು ಖಾಲಿ ತೋಟಾವನ್ನು ಬಲಕ್ಕೆ ಉಗುಳುತ್ತವೆ. ಎಡಗೈಯಲ್ಲಿ ಹಿಡಿದವರ ಮುಖದ ಮುಂದೆಯೇ ಹಾಯುತ್ತದೆ. ಏಳನೆಯದು ಕೆಂಡ್ರಾಳ ಕೊರಳಪಟ್ಟಿಯೊಳಗೆ ಬೀಳುತ್ತದೆ, ಬಿಸಿಬಿಸಿ. ಅವಳು ಕುಣಿಯುವುದಿಲ್ಲ. ನಳಿಗೆಯನ್ನು ಗುರಿಹಲಗೆಯತ್ತಲೇ ಇಟ್ಟುಕೊಂಡು, ಪಿಸ್ತೂಲನ್ನು ನಿಧಾನವಾಗಿ ಕೆಳಗಿಟ್ಟು, ಆಮೇಲೆ ಅಂಗಿ ಕೊಡವುತ್ತಾಳೆ. ಹೊಸಬರೆಲ್ಲ ಅಂಥ ಕ್ಷಣದಲ್ಲಿ ಪಿಸ್ತೂಲು ಹಿಡಿದೇ ಕೈಬೀಸಿ ಕುಣಿಯುತ್ತಾರೆ. ಟ್ರೀವಾ, ಮೂರು ದಿನದಲ್ಲಿ ಮೊದಲ ಬಾರಿಗೆ, ಮಾಸ್ಕಿನೊಳಗೆ ಉದ್ದಕ್ಕೆ ಉಸಿರು ಬಿಡುತ್ತಾರೆ.

ಇದೆಲ್ಲ ಕಳೆದು ಐದು ವಾರ. ಶೇನ್ ಹನ್ನೊಂದು ಮೈಲಿ ದೂರದ ಅಣ್ಣನ ಮನೆಯಲ್ಲಿದ್ದಾನೆ. ಕೋರ್ಟಿನ ಆದೇಶ ಮೀರಿ ಒಮ್ಮೆ ಫೋನ್ ಮಾಡಿದ. ಶೆರಿಫ್ ಕಚೇರಿಯವರು ಬರೆದುಕೊಂಡಿದ್ದಾರೆ. ಕೆಂಡ್ರಾ ಈಗಲೂ ಪ್ರತಿ ಟ್ರಕ್ಕಿನ ಬಣ್ಣ ನೋಡುತ್ತಾಳೆ. ಟ್ರೀವಾ ಯಾರನ್ನಾದರೂ ಉಳಿಸಿದ್ದಾರೆ ಎಂದು ಹೇಳಲು ಯಾವ ಪುರಾವೆಯೂ ಇಲ್ಲ. ಕೇಳಿದರೆ ಅವರಿಗೇ ರೇಗುತ್ತದೆ. "ಪೇಪರ್‌ನೋರು ಹಂಗೆಲ್ಲ ಬರೀಬೇಡಿ. ಅವಳನ್ನ ಉಳ್ಸಿದ್ದು ಪೆಟ್ರೋಲ್ ಹಾಕಿಸ್ದೆ ಓಡಿಸ್ಕೊಂಡು ಬಂದ ಗಾಡಿ. ಪಿಸ್ತೂಲು ಆಮೇಲೆ. ಎಲ್ಲಕ್ಕಿಂತ ಆಮೇಲೆ."

ಕ್ರಿಸ್‌ಮಸ್ಸಿನ ಹಿಂದಿನ ವಾರ, ಬೆಳಗಿನ ಆರೂಕಾಲಿಗೆ ಅದೇ ಕಾರು. ಈ ಸಲ ಇಂಜಿನ್ ಆರಿದೆ. ಕೆಂಡ್ರಾ ತಿಂಗಳ ಅಭ್ಯಾಸಕ್ಕೆ ಬಂದಿದ್ದಾಳೆ. ಅಭ್ಯಾಸದ ಮುಂಚೆ ಟ್ರೀವಾ ಪ್ರತಿಯೊಬ್ಬರ ಪಿಸ್ತೂಲನ್ನೂ ಬಿಚ್ಚಿ ನೋಡುತ್ತಾರೆ. ಗುಂಡು ತೆಗೆದು, ಸ್ಲೈಡ್ ಜಾರಿಸಿ, ದೀಪದ ಕೆಳಗೆ ಹಿಡಿಯುತ್ತಾರೆ. ಹಾರಿಸಿದ ಪಿಸ್ತೂಲಿನಲ್ಲಿ ಕಪ್ಪು ಮಸಿ ಇರುತ್ತದೆ. ಕಾರಿನ ಡಬ್ಬಿಯಲ್ಲೋ ಫ್ರಿಜ್ಜಿನ ಮೇಲೋ ಬಿದ್ದಿದ್ದ ಪಿಸ್ತೂಲು ಟ್ರೀವಾ ಒರೆಸಿ ಕಳಿಸಿದ ಹಾಗೇ ಹೊಳೆಯುತ್ತದೆ. ಕೆಂಡ್ರಾಳ ಪಿಸ್ತೂಲಿನಲ್ಲಿ ಮಸಿಯೂ ಇಲ್ಲ, ಹೊಳಪೂ ಇಲ್ಲ. ಸಂದುಸಂದಿನಲ್ಲಿ ತಿಳಿನೀಲಿ ನೂಲಿನ ಧೂಳು ಕೂತಿದೆ, ಸಮವಸ್ತ್ರದ್ದು. ಮೈಗಂಟಿಕೊಂಡು ದಿನಾ ಏಳು ಮನೆಗಳ ನಡುವೆ ತಿರುಗಿದ ಪಿಸ್ತೂಲಿನಲ್ಲಿ ಮಾತ್ರ ಕೂರುವ ಧೂಳು.

"ಅಯ್ಯೋ, ಗಲೀಜಾಗಿದೆ. ಒರೆಸಬೇಕಿತ್ತು ನಾನು" ಎನ್ನುತ್ತಾಳೆ ಕೆಂಡ್ರಾ.

ಟ್ರೀವಾ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಎಡಗೈಗೆ ತೆಗೆದುಕೊಂಡು ಆ ಧೂಳನ್ನು ಬಿಳಿ ಬಟ್ಟೆಯ ಮೇಲೆ ಬೀಳಿಸುತ್ತಾರೆ. ನೀಲಿ ಚಿಟಿಕೆಯಷ್ಟಾಗುತ್ತದೆ. ಊದಿ ಹಾರಿಸದೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾರೆ.

"ನಾನು ಕೊಟ್ಟಿದ್ದೆಲ್ಲ ಹಿಂಗೇ ವಾಪಸ್ ಬರ್ಲಿ, ಸಾಕು. ಇದು ಗಲೀಜಲ್ಲ ಕಣಮ್ಮ. ಇದೇ ನನ್ ಕೆಲಸ."